ತಾಳಮದ್ದಳೆಯ ನೇರ ಪ್ರಸಾರ ಸದಸ್ಯರಿಗೆ ಮಾತ್ರ: ಐಸ್‌ಕಾಸ್ಟ್‌ಗೆ ಬೀಗ ಹಾಕುವ ಬಗೆ

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಸಣ್ಣ ಯಕ್ಷಗಾನ ಸಂಘ. ಪ್ರತಿ ಶನಿವಾರ ರಾತ್ರಿ ತಾಳಮದ್ದಳೆಯನ್ನು ಬಾಡಿಗೆಯ ಲಿನಕ್ಸ್ ಸರ್ವರಿನಲ್ಲಿ ಐಸ್‌ಕಾಸ್ಟ್ ಎಂಬ ಪ್ರಸಾರದ ಸಾಫ್ಟ್‌ವೇರ್ ಹಾಕಿ ನೇರ ಪ್ರಸಾರ ಮಾಡುತ್ತೇವೆ. ಲ್ಯಾಪ್‌ಟಾಪಿನಲ್ಲಿ ಧ್ವನಿಯನ್ನು ಆ ಸರ್ವರಿಗೆ ಕಳಿಸುವ ಬಟ್ ಎಂಬ ಸಾಫ್ಟ್‌ವೇರ್ ಇದೆ. ಮುಂಬೈ, ದುಬೈಯಲ್ಲಿರುವವರೂ ಸೇರಿ ಸುಮಾರು 150 ಸದಸ್ಯರು ಚಂದಾ ಕಟ್ಟಿದ್ದಾರೆ. ಆದರೆ ಲಿಂಕು ವಾಟ್ಸಾಪಿನಲ್ಲಿ ಎಲ್ಲೆಲ್ಲೋ ಓಡಾಡುತ್ತಿದೆ. ಕಳೆದ ತಿಂಗಳು ಪ್ರಸಂಗದ ನಡುವೆ ಯಾರೋ ಸಿನಿಮಾ ಹಾಡು ಹಾಕಿಬಿಟ್ಟರು. ಸದಸ್ಯರು ಮಾತ್ರ ಕೇಳುವ ಹಾಗೆ ಮಾಡುವುದು ಹೇಗೆ? ಫೋನಿನಲ್ಲಿ ಕೇಳುವ ಹಿರಿಯರಿಗೆ ತೊಂದರೆ ಆಗಬಾರದು.

ಉತ್ತರ: ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಲಿಂಕು ಊರೆಲ್ಲ ಓಡಾಡುವುದು ಒಂದು ಸಮಸ್ಯೆ. ನಡುವೆ ಸಿನಿಮಾ ಹಾಡು ಬಂದದ್ದು ಬೇರೆಯೇ ಸಮಸ್ಯೆ, ಮತ್ತು ಅದು ಜಾಸ್ತಿ ಗಂಭೀರ. ಕೇಳುಗರಿಗೆ ಎಷ್ಟೇ ಬಿಗಿ ಬೀಗ ಹಾಕಿದ್ದರೂ ಆ ಹಾಡು ನಿಲ್ಲುತ್ತಿರಲಿಲ್ಲ. ಅದನ್ನೇ ಮೊದಲು ನೋಡೋಣ.

ಐಸ್‌ಕಾಸ್ಟ್‌ನಲ್ಲಿ ಒಂದು ಮೌಂಟ್‌ಗೆ, ಅಂದರೆ ಲಿಂಕಿನ ಕೊನೆಯಲ್ಲಿ ಬರುವ ಆ ಹೆಸರಿಗೆ, ಒಂದು ಹೊತ್ತಿಗೆ ಒಂದೇ ಸೋರ್ಸ್, ಅಂದರೆ ಧ್ವನಿ ಕಳಿಸುವವರು ಒಬ್ಬರೇ. ನಿಮ್ಮ ಬಟ್ ಪ್ರಸಾರ ಮಾಡುತ್ತಿರುವಾಗ ಇನ್ನೊಬ್ಬರು ಅದೇ ಮೌಂಟಿಗೆ ಬಂದರೆ, ಪಾಸ್‌ವರ್ಡ್ ಸರಿ ಇದ್ದರೂ ಸರ್ವರ್ ಅವರನ್ನು ವಾಪಸ್ ಕಳಿಸುತ್ತದೆ. ಹಾಗಾದರೆ ಹಾಡು ಹೇಗೆ ಬಂತು? ನನಗೆ ಕಾಣುವುದು ಎರಡು ದಾರಿ. ಒಂದು, ನಿಮ್ಮ ಇಂಟರ್ನೆಟ್ ಸ್ವಲ್ಪ ಹೊತ್ತು ಕಡಿದಿರಬೇಕು. ಸೋರ್ಸ್‌ನಿಂದ ಏನೂ ಬರದಿದ್ದರೆ ಐಸ್‌ಕಾಸ್ಟ್ 10 ಸೆಕೆಂಡು ಕಾಯುತ್ತದೆ, ಅದರ ಜೊತೆ ಬರುವ ಮಾದರಿ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗುಗಳ ಫೈಲಿನಲ್ಲಿ, ಇರುವುದು ಅಷ್ಟೇ. ಆಮೇಲೆ ಮೌಂಟ್ ಖಾಲಿ. ಅದೇ ಸಂದಿಯಲ್ಲಿ ಪಾಸ್‌ವರ್ಡ್ ಗೊತ್ತಿದ್ದವರು ಯಾರೋ ನುಗ್ಗಿದ್ದಾರೆ. ನಿಮ್ಮ ಬಟ್ ಮತ್ತೆ ಬಂದಾಗ ಜಾಗ ಭರ್ತಿಯಾಗಿತ್ತು! ಇನ್ನೊಂದು ದಾರಿ ಅಡ್ಮಿನ್ ಪುಟ. ಅಲ್ಲಿ ಒಳಗೆ ಬಂದವರು ಒಂದೇ ಕ್ಲಿಕ್ಕಿನಲ್ಲಿ ನಿಮ್ಮ ಸೋರ್ಸನ್ನು ಹೊರಗೆ ಹಾಕಬಹುದು.

ಯಾವುದು ಎಂದು ಲಾಗ್ ಫೈಲ್ ಹೇಳುತ್ತದೆ. ಡೆಬಿಯನ್, ಉಬುಂಟುಗಳಲ್ಲಾದರೆ ವಾರ್ ಫೋಲ್ಡರಿನ ಒಳಗೆ ಲಾಗ್, ಅದರೊಳಗೆ ಐಸ್‌ಕಾಸ್ಟ್2 ಎಂಬ ಫೋಲ್ಡರ್ ಇರುತ್ತದೆ. ಆಕ್ಸೆಸ್ ಲಾಗ್‌ನಲ್ಲಿ ಆ ರಾತ್ರಿಯ ಸಾಲುಗಳನ್ನು ತೆಗೆದು, ಸೋರ್ಸ್ ಅಥವಾ ಪುಟ್ ಎಂದು ಶುರುವಾಗುವ ಕೋರಿಕೆಗಳನ್ನು ಹುಡುಕಿ. ಸಾಲಿನ ಮೊದಲಿಗೆ ಐಪಿ ವಿಳಾಸ ಇರುತ್ತದೆ. ಕೊನೆಯ ಅಂಕಿ ಆ ಕನೆಕ್ಷನ್ ಎಷ್ಟು ಸೆಕೆಂಡು ಇತ್ತು ಎಂಬುದು. ನಿಮ್ಮದಲ್ಲದ ಐಪಿಯಿಂದ ಕೆಲವು ನಿಮಿಷದ ಒಂದು ಸೋರ್ಸ್ ಕಂಡರೆ, ಸಿನಿಮಾ ಹಾಡು ಬಂದದ್ದು ಅಲ್ಲಿಂದಲೇ. ಒಂದು ವಿಷಯ ನೆನಪಿಡಿ: ಈ ಸಾಲು ಬರೆಯುವುದು ಕನೆಕ್ಷನ್ ಮುಗಿದ ಮೇಲೆ. ಪ್ರಸಾರ ನಡೆಯುತ್ತಿರುವಾಗಲೇ ಹುಡುಕಿ ಏನೂ ಇಲ್ಲ ಎಂದುಕೊಳ್ಳಬೇಡಿ.

ಟೆಂಟು ಮೇಳದ ಆಟ ನೋಡಿದವರಿಗೆ ಈ ವ್ಯವಸ್ಥೆ ಹೊಸದಲ್ಲ. ಟಿಕೆಟ್ ಇದ್ದವರು ಗೇಟಿನಿಂದ ಒಳಗೆ ಬಂದು ಕೂರುತ್ತಾರೆ. ಚೌಕಿಗೆ ಹೋಗುವವರು ಕಲಾವಿದರು ಮಾತ್ರ. ಆಟ ನಿಲ್ಲಿಸು ಎನ್ನುವ ಹಕ್ಕು ಯಜಮಾನರಿಗೆ. ಐಸ್‌ಕಾಸ್ಟ್‌ನಲ್ಲೂ ಕೇಳುಗ, ಸೋರ್ಸ್, ಅಡ್ಮಿನ್ ಮೂವರಿಗೂ ಬೇರೆ ಬೇರೆ ಬೀಗ. ಮಾದರಿ ಕಾನ್ಫಿಗ್‌ನಲ್ಲಿ ಸೋರ್ಸ್, ರಿಲೇ, ಅಡ್ಮಿನ್ ಪಾಸ್‌ವರ್ಡ್ ಎಲ್ಲದಕ್ಕೂ 'ಹ್ಯಾಕ್‌ಮಿ' ಎಂದೇ ಬರೆದಿರುತ್ತದೆ. ಹಾಗೇ ಬಿಟ್ಟಿದ್ದರೆ ಮುಂದೆ ಓದುವ ಮೊದಲು ಹೋಗಿ ಬದಲಾಯಿಸಿ ಬನ್ನಿ.

ಕಾನ್ಫಿಗ್ ಫೈಲ್ ಒಂದೇ, ಐಸ್‌ಕಾಸ್ಟ್ ಡಾಟ್ ಎಕ್ಸ್‌ಎಂಎಲ್. ಸಾಲುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇರುತ್ತವೆ. ಅದರಲ್ಲಿ 'ಅಥೆಂಟಿಕೇಶನ್' ಎಂಬ ಭಾಗದಲ್ಲಿ 'ಸೋರ್ಸ್-ಪಾಸ್‌ವರ್ಡ್' ಇದೆ. ಇದು ಇಡೀ ಸರ್ವರಿಗೆ ಅನ್ವಯಿಸುತ್ತದೆ. ಅಂದರೆ ಇದು ಗೊತ್ತಿದ್ದವರು ಯಾವ ಹೆಸರಿನ ಹೊಸ ಮೌಂಟ್ ಬೇಕಾದರೂ ಶುರು ಮಾಡಬಹುದು. ಇದಕ್ಕೆ ಉದ್ದದ, ಅರ್ಥವಿಲ್ಲದ ಒಂದು ಪಾಸ್‌ವರ್ಡ್ ಇಟ್ಟು ಯಾರಿಗೂ ಹೇಳಬೇಡಿ. ಲ್ಯಾಪ್‌ಟಾಪ್ ನೋಡಿಕೊಳ್ಳುವ ಹುಡುಗರಿಗೂ ಬೇಡ. ಅವರಿಗೆ ಕೊಡಬೇಕಾದದ್ದು ಮೌಂಟಿನ ಪಾಸ್‌ವರ್ಡ್. ಫೈಲಿನಲ್ಲಿ 'ಮೌಂಟ್' ಎಂಬ ಭಾಗ ಸೇರಿಸಿ, ಒಳಗೆ 'ಮೌಂಟ್-ನೇಮ್', 'ಯೂಸರ್‌ನೇಮ್', 'ಪಾಸ್‌ವರ್ಡ್' ಬರೆದರೆ ಆ ಮೌಂಟಿಗೆ ಅದೇ ಅನ್ವಯವಾಗುತ್ತದೆ. ಯಾರಾದರೂ ಸಂಘ ಬಿಟ್ಟರೆ ಅದೊಂದನ್ನು ಬದಲಾಯಿಸಿದರೆ ಸಾಕು.

ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹೊಡೆದರೂ ಐಸ್‌ಕಾಸ್ಟ್ ತಾನಾಗಿ ಯಾರನ್ನೂ ತಡೆಯುವುದಿಲ್ಲ. ಬ್ಯಾಂಕಿನ ಆ್ಯಪ್‌ಗಳ ಹಾಗೆ ಮೂರು ಸಲಕ್ಕೆ ಲಾಕ್ ಆಗುವ ವ್ಯವಸ್ಥೆ ಇಲ್ಲಿಲ್ಲ. ಹಾಗಾಗಿ ಪ್ರಸಂಗದ ಹೆಸರು, ಸಂಘದ ಹೆಸರು, ಸ್ಥಾಪನೆಯಾದ ವರ್ಷ, ಇಂಥದ್ದೆಲ್ಲ ಬೇಡವೇ ಬೇಡ. ಅಡ್ಮಿನ್ ಪುಟವನ್ನು ಹೊರಗಿನಿಂದ ತೆರೆಯಲು ಬಿಡದೇ ಇರುವುದು ಇನ್ನೂ ಒಳ್ಳೆಯದು. ಐಸ್‌ಕಾಸ್ಟ್‌ನ ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದು, ಐಸ್‌ಕಾಸ್ಟ್‌ನ 8000ನೇ ಪೋರ್ಟ್ ಹೊರಗಿನವರಿಗೆ ಮುಚ್ಚಿದ್ದರೆ 'ಅಡ್ಮಿನ್' ಎಂದು ಶುರುವಾಗುವ ಎಲ್ಲ ವಿಳಾಸವನ್ನೂ ಅಲ್ಲೇ ತಡೆಯಿರಿ.

ಈಗ ಎಚ್‌ಟಿಟಿಪಿಎಸ್, ಅಂದರೆ ದಾರಿಯಲ್ಲಿ ಬೇರೆಯವರು ಓದಲಾಗದಂತೆ ಮಾಡಿದ ಕನೆಕ್ಷನ್. ಬಟ್‌ನಿಂದ ಸರ್ವರಿಗೆ ಹೋಗುವ ಪಾಸ್‌ವರ್ಡ್ ಆಗಲಿ, ಕೇಳುಗರು ಹಾಕುವ ಪಾಸ್‌ವರ್ಡ್ ಆಗಲಿ, ಬೇಸಿಕ್ ಎಂಬ ಹಳೆಯ ವಿಧಾನದಲ್ಲಿ ಹೋಗುತ್ತದೆ. ನೋಡಲು ಗೂಢವಾಗಿ ಕಾಣುತ್ತದೆ, ಆದರೆ ಅದು ಬರೀ ಬೇಸ್64. ಯಾರು ಬೇಕಾದರೂ ಕೀ ಇಲ್ಲದೆ ಬಿಡಿಸಿ ಓದಬಹುದು. ಸಭಾಭವನದ ವೈಫೈಯಿಂದ ಪ್ರಸಾರ ಮಾಡುತ್ತೀರಿ ಎಂದಾದರೆ ಇದು ಸುಮ್ನೆ ಹೆದರಿಸುವ ಮಾತಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಟಿಎಲ್‌ಎಸ್ ಎಂಬ ವ್ಯವಸ್ಥೆ ಐಸ್‌ಕಾಸ್ಟ್‌ನಲ್ಲೇ ಇದೆ. 'ಲಿಸನ್-ಸಾಕೆಟ್' ಭಾಗದಲ್ಲಿ 'ಎಸ್‌ಎಸ್‌ಎಲ್' ಎಂಬ ಸಾಲಿಗೆ 1 ಕೊಟ್ಟು, 'ಪಾತ್ಸ್' ಭಾಗದಲ್ಲಿ ಸರ್ಟಿಫಿಕೇಟ್ ಫೈಲನ್ನು ತೋರಿಸಬೇಕು. ಸರ್ಟಿಫಿಕೇಟ್ ಮತ್ತು ಕೀ ಎರಡೂ ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಇರಬೇಕು, ಜಾಸ್ತಿ ಜನ ಎಡವುವುದು ಇಲ್ಲೇ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಸಿಗುವ ಉಚಿತ ಸರ್ಟಿಫಿಕೇಟಿನ ಅವಧಿ ಸಾಮಾನ್ಯವಾಗಿ 90 ದಿನ. ಅದು ನವೀಕರಣವಾದಾಗ ಎರಡು ಫೈಲ್ ಜೋಡಿಸಿ ಐಸ್‌ಕಾಸ್ಟನ್ನು ಮತ್ತೆ ಶುರು ಮಾಡುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟುಕೊಳ್ಳಿ. ಅದು ಶನಿವಾರ ರಾತ್ರಿ ಓಡದಂತೆ ನೋಡಿಕೊಳ್ಳಿ, ಅಷ್ಟೇ. ಕೆಲವು ಲಿನಕ್ಸ್ ಆವೃತ್ತಿಗಳ ಪ್ಯಾಕೇಜಿನಲ್ಲಿ ಟಿಎಲ್‌ಎಸ್ ಸೇರಿಸದೇ ಐಸ್‌ಕಾಸ್ಟ್ ಕಟ್ಟಿರುತ್ತಾರೆ. ಶುರುವಾದಾಗಲೇ ಎರರ್ ಲಾಗ್ ನೋಡಿದರೆ ಗೊತ್ತಾಗುತ್ತದೆ.

ಇನ್ನು ಕೇಳುಗರು. ಇಲ್ಲಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಬೀಗ ಸ್ವಲ್ಪ ಸಡಿಲವೇ ಇರಲಿ. ಕೇಳಲು ಬಂದವರು ರೆಕಾರ್ಡ್ ಮಾಡಿಕೊಳ್ಳುವುದನ್ನು ಯಾವ ಲಾಗಿನ್ನೂ ತಡೆಯುವುದಿಲ್ಲ, ಸ್ಪೀಕರಿಗೆ ಬಂದದ್ದು ಇನ್ನೊಂದು ಫೋನಿಗೂ ಹೋಗುತ್ತದೆ. ನಿಮಗೆ ಬೇಕಾದದ್ದು ಲಿಂಕು ಹೊರಗೆ ಹೋದರೆ ಯಾರದ್ದು ಎಂದು ತಿಳಿಯುವುದು ಮತ್ತು ಅದೊಂದನ್ನು ಮುಚ್ಚುವುದು. ಎಪ್ಪತ್ತು ದಾಟಿದ ಸದಸ್ಯರೊಬ್ಬರು ಭಾಗವತರ ಪದ ಶುರುವಾಗುವ ಹೊತ್ತಿಗೆ ಪಾಸ್‌ವರ್ಡ್ ಒತ್ತುತ್ತಾ ಕೂರುವಂತೆ ಆದರೆ ಸಂಘಕ್ಕೇ ನಷ್ಟ ಅಲ್ವಾ?

ಸುಲಭದ ವಿಧಾನ ಎಚ್‌ಟಿಪಾಸ್‌ಡಬ್ಲ್ಯೂಡಿ, ಅಂದರೆ ಸದಸ್ಯರ ಹೆಸರು, ಪಾಸ್‌ವರ್ಡ್‌ಗಳನ್ನು ಒಂದು ಫೈಲಿನಲ್ಲಿ ಇಡುವುದು. ಮೌಂಟ್ ಭಾಗದ ಒಳಗೆ 'ಅಥೆಂಟಿಕೇಶನ್' ಸೇರಿಸಿ, ಅದರ ಟೈಪ್ ಎಚ್‌ಟಿಪಾಸ್‌ಡಬ್ಲ್ಯೂಡಿ ಎಂದು ಕೊಟ್ಟು, ಫೈಲ್ ಎಲ್ಲಿದೆ ಎಂದು ಹೇಳಿದರೆ ಮುಗಿಯಿತು. ಆ ಫೈಲಿಗೆ ಬರೆಯುವ ಅನುಮತಿ ಐಸ್‌ಕಾಸ್ಟ್ ಓಡುವ ಯೂಸರಿಗೆ ಇರಬೇಕು. ಮೌಂಟ್ ಚಾಲ್ತಿಯಲ್ಲಿರುವಾಗ ಅಡ್ಮಿನ್ ಪುಟದಿಂದಲೇ ಹೆಸರು ಸೇರಿಸಬಹುದು, ತೆಗೆಯಬಹುದು. ಹೆಸರು ಅದೇ ಆದರೂ ಇದು ಅಪಾಚೆ ಎಂಬ ವೆಬ್ ಸರ್ವರಿನ ಫೈಲ್ ಅಲ್ಲ. ಅಲ್ಲಿಂದ ಕಾಪಿ ಮಾಡಿದರೆ ಕೆಲಸ ಮಾಡುವುದಿಲ್ಲ. ಇದರಲ್ಲಿ ಪಾಸ್‌ವರ್ಡನ್ನು ಎಂಡಿ5 ಎಂಬ ಹಳೆಯ ವಿಧಾನದಲ್ಲಿ ಬೇರೆ ರೂಪಕ್ಕೆ ತಿರುಗಿಸಿ ಇಡುತ್ತಾರೆ, ಅದಕ್ಕೆ 'ಉಪ್ಪು' (ಸಾಲ್ಟ್) ಎನ್ನುವ ಯದ್ವಾತದ್ವಾ ಅಕ್ಷರಗಳನ್ನೂ ಸೇರಿಸುವುದಿಲ್ಲ. ಇವತ್ತಿನ ಕಾಲಕ್ಕೆ ಅದು ತೀರಾ ದುರ್ಬಲ. ಹಾಗಾಗಿ ಸದಸ್ಯರಿಗೆ ಅವರದೇ ಪಾಸ್‌ವರ್ಡ್ ಆರಿಸಲು ಬಿಡಬೇಡಿ. ಅವರು ಇಮೇಲಿಗೆ ಇಟ್ಟದ್ದನ್ನೇ ಇಲ್ಲೂ ಇಡುತ್ತಾರೆ. ನೀವೇ ಮಾಡಿ ಕೊಡಿ.

ಇದೇ ವಿಧಾನದಲ್ಲಿ 'ಅಲೌ-ಡೂಪ್ಲಿಕೇಟ್-ಯೂಸರ್ಸ್' ಎಂಬ ಆಯ್ಕೆ ಇದೆ. ಅದಕ್ಕೆ 0 ಕೊಟ್ಟರೆ ಒಂದು ಹೆಸರಿನಲ್ಲಿ ಒಂದೇ ಕನೆಕ್ಷನ್. ಕೇಳಲು ಇದಕ್ಕಿಂತ ಒಳ್ಳೆಯದು ಇಲ್ಲ ಅನಿಸುತ್ತದೆ. ಬಳಸಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಬಸ್ಸಿನಲ್ಲಿ ಕೇಳುತ್ತಿದ್ದವರ ನೆಟ್‌ವರ್ಕ್ ಹೋಗಿ ಬಂದರೆ, ಹಳೆಯ ಕನೆಕ್ಷನ್ ಸತ್ತದ್ದು ಸರ್ವರಿಗೆ ತಕ್ಷಣ ಗೊತ್ತಾಗುವುದಿಲ್ಲ. ಫೋನ್ ಹೊಸದಾಗಿ ಬಂದಾಗ 'ಈ ಹೆಸರಿನವರು ಆಗಲೇ ಒಳಗಿದ್ದಾರೆ' ಎಂದು ತಳ್ಳುತ್ತದೆ. ಐಫೋನಿನ ಸಫಾರಿ ಮೊದಲು ಎರಡು ಬೈಟ್ ಮಾತ್ರ ಕೇಳಿ ನೋಡುತ್ತದೆ, ಆಮೇಲೆ ನಿಜವಾದ ಕೋರಿಕೆ ಕಳಿಸುತ್ತದೆ. ಮೊದಲನೆಯದು ಇನ್ನೂ ಮುಗಿಯದಿದ್ದರೆ ಎರಡನೆಯದಕ್ಕೆ ಬಾಗಿಲು ಬಂದ್. ಸದಸ್ಯರು ನಿಮಗೆ ಫೋನ್ ಮಾಡುತ್ತಾರೆ, ನೀವು ನೋಡುವಾಗ ಎಲ್ಲ ಸರಿ ಇರುತ್ತದೆ!

ಬ್ರೌಸರಿನದ್ದು ಇನ್ನೊಂದು ತಕರಾರು. ವೆಬ್ ಪುಟದಲ್ಲಿ ಪ್ಲೇಯರ್ ಇಟ್ಟು, ಆಡಿಯೋ ವಿಳಾಸದ ಒಳಗೇ ಯೂಸರ್‌ನೇಮ್, ಪಾಸ್‌ವರ್ಡ್ ಸೇರಿಸುವ ಉಪಾಯ ಹಳೆಯ ಲೇಖನಗಳಲ್ಲಿ ಸಿಗುತ್ತದೆ. ಕ್ರೋಮ್ 2017ರಲ್ಲೇ ಅದನ್ನು ನಿಲ್ಲಿಸಿದೆ. ಎಲ್ಲರೂ ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಕೇಳುತ್ತಾರೆ ಎಂದಾದರೆ ಎಚ್‌ಟಿಪಾಸ್‌ಡಬ್ಲ್ಯೂಡಿ ನಡೆಯುತ್ತದೆ. ಫೋನಿನಲ್ಲಿ ಲಿಂಕು ಒತ್ತಿ ಕೇಳುವ ಹಿರಿಯರಿಗೆ ನಡೆಯುವುದಿಲ್ಲ.

ಹಾಗಾಗಿ ನಿಮಗೆ ಸರಿಹೋಗುವುದು ಯುಆರ್‌ಎಲ್ ವಿಧಾನ. ಇದರಲ್ಲಿ ಐಸ್‌ಕಾಸ್ಟ್ ತಾನು ತೀರ್ಮಾನ ಮಾಡುವುದಿಲ್ಲ. ಯಾರೋ ಬಂದಿದ್ದಾರೆ, ಬಿಡಲಾ ಎಂದು ನಿಮ್ಮದೊಂದು ಸಣ್ಣ ಪ್ರೋಗ್ರಾಮನ್ನು ಕೇಳುತ್ತದೆ. ಪಿಎಚ್‌ಪಿ, ಪೈಥಾನ್ ಯಾವುದರಲ್ಲಾದರೂ ಬರೆಯಬಹುದು, ಐವತ್ತು ಸಾಲು ದಾಟುವುದಿಲ್ಲ.

ನಡೆಯುವುದು ಹೀಗೆ. ದುಬೈಯ ಸದಸ್ಯರಿಗೆ ಅವರದೇ ಒಂದು ಲಿಂಕು ಕೊಟ್ಟಿದ್ದೀರಿ. ಮೌಂಟಿನ ಹೆಸರಾದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ 'ಟೋಕನ್' ಎಂದು ಬರೆದು 32 ಅಕ್ಷರಗಳ ಒಂದು ಸಾಲು. ಅವರು ಲಿಂಕು ಒತ್ತುತ್ತಾರೆ. ಐಸ್‌ಕಾಸ್ಟ್ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, 'ಲಿಸನರ್-ಆ್ಯಡ್' ಎಂದು ನೀವು ತೋರಿಸಿದ ನಿಮ್ಮ ಪ್ರೋಗ್ರಾಮಿನ ವಿಳಾಸಕ್ಕೆ ಪೋಸ್ಟ್ ಮಾಡುತ್ತದೆ, ಅಂದರೆ ಮಾಹಿತಿ ಕಳಿಸುತ್ತದೆ. ಅದರಲ್ಲಿ ಕೇಳುಗರ ಐಪಿ, ಯಾವ ಪ್ಲೇಯರ್, ಯಾವ ಮೌಂಟ್, ಆ ಕನೆಕ್ಷನ್ನಿನ ಕ್ಲೈಂಟ್ ನಂಬರ್ ಎಲ್ಲ ಇರುತ್ತದೆ. ಮೌಂಟ್ ಎಂಬ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದೂ ಬರುತ್ತದೆ, ಟೋಕನ್ ನಿಮಗೆ ಸಿಗುವುದು ಅಲ್ಲಿಂದಲೇ. ನಿಮ್ಮ ಪ್ರೋಗ್ರಾಮ್ ಅದನ್ನು ಸದಸ್ಯರ ಪಟ್ಟಿಯಲ್ಲಿ ಹುಡುಕಿ, ಚಂದಾ ಬಾಕಿ ಇಲ್ಲದಿದ್ದರೆ ಉತ್ತರದ ಹೆಡರಿನಲ್ಲಿ (ಪುಟಕ್ಕಿಂತ ಮೊದಲು ಹೋಗುವ ಸಾಲುಗಳಲ್ಲಿ) 'ಐಸ್‌ಕಾಸ್ಟ್-ಅಥ್-ಯೂಸರ್' ಎಂದು ಹೇಳಿ 1 ಕೊಡಬೇಕು. ಅದು ಬಂದ ಕೂಡಲೇ ಚೆಂಡೆಯ ಸದ್ದು ಶುರು. ಆ ಹೆಡರ್ ಬರದಿದ್ದರೆ ಕನೆಕ್ಷನ್ ಇಲ್ಲ. ಗಮನಿಸಿ, ಹೆಡರಿನಲ್ಲಿ ಬರಬೇಕು. ಪುಟದ ಒಳಗೆ 'ಸರಿ' ಎಂದು ಮುದ್ರಿಸಿ, ಯಾಕೆ ಬಿಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ.

ಅವರು ಹೊರಟಾಗ 'ಲಿಸನರ್-ರಿಮೂವ್' ವಿಳಾಸಕ್ಕೆ ಇನ್ನೊಂದು ಪೋಸ್ಟ್ ಬರುತ್ತದೆ. ಅದರಲ್ಲಿ ಎಷ್ಟು ಸೆಕೆಂಡು ಕೇಳಿದರು ಎಂಬುದೂ ಇರುತ್ತದೆ. ಇವೆರಡನ್ನು ಸೇರಿಸಿದರೆ ಒಂದು ಟೋಕನ್ನಿನಲ್ಲಿ ಈಗ ಎಷ್ಟು ಜನ ಒಳಗಿದ್ದಾರೆ ಎಂದು ಲೆಕ್ಕ ಸಿಗುತ್ತದೆ. ಮಿತಿ ಒಂದಕ್ಕೆ ಇಡಬೇಡಿ, ಮೇಲೆ ಹೇಳಿದ ಬಸ್ಸಿನ ಕಷ್ಟ ಮತ್ತೆ ಬರುತ್ತದೆ. ಮೂರು ಇರಲಿ. ಮನೆಯವರಿಗೆ ಕೊಟ್ಟರೆ ಕೊಡಲಿ. ಹತ್ತು ಕಂಡರೆ ಅದು ವಾಟ್ಸಾಪ್ ಗುಂಪಿಗೆ ಹೋಗಿದೆ ಎಂದರ್ಥ. ಆ ಸದಸ್ಯರಿಗೆ ಹೊಸ ಟೋಕನ್ ಕೊಟ್ಟು ಹಳೆಯದನ್ನು ರದ್ದು ಮಾಡಿ. ಉಳಿದ 149 ಮಂದಿಗೆ ಏನೂ ಗೊತ್ತಾಗುವುದಿಲ್ಲ.

ಈ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ. ಐಸ್‌ಕಾಸ್ಟ್ ಅಚಾನಕ್ ನಿಂತರೆ 'ಹೋದರು' ಎಂಬ ಸುದ್ದಿ ಬರುವುದೇ ಇಲ್ಲ, ಎಲ್ಲರೂ ಒಳಗೇ ಇದ್ದಾರೆ ಎಂದು ಪಟ್ಟಿ ಹೇಳುತ್ತಿರುತ್ತದೆ. ಸೋರ್ಸ್ ಶುರುವಾದಾಗ 'ಮೌಂಟ್-ಆ್ಯಡ್' ಎಂಬ ಪೋಸ್ಟ್ ಬರುತ್ತದಲ್ಲ, ಆಗ ಲೆಕ್ಕವನ್ನು ಸೊನ್ನೆ ಮಾಡಿಬಿಡಿ. ನಡುವೆ ಕಡಿದು ಬಂದರೂ ಹೀಗೇ ಆಗಿ ಕೆಲವರಿಗೆ ಒಂದೆರಡು ಕನೆಕ್ಷನ್ ಜಾಸ್ತಿ ಸಿಗಬಹುದು. ಸಿಗಲಿ ಬಿಡಿ.

ಪ್ರೋಗ್ರಾಮ್ ಅದೇ ಸರ್ವರಿನಲ್ಲಿ, 127.0.0.1ರಲ್ಲಿ, ಅಂದರೆ ಆ ಸರ್ವರಿನ ಒಳಗಿನಿಂದ ಬರುವ ಕೋರಿಕೆಗಳನ್ನು ಮಾತ್ರ ಸ್ವೀಕರಿಸುವಂತೆ ಇರಲಿ. ಐಸ್‌ಕಾಸ್ಟ್ ಕಳಿಸುವ ಪೋಸ್ಟ್‌ನಲ್ಲಿ ಪಾಸ್‌ವರ್ಡ್, ಟೋಕನ್ ಎಲ್ಲ ಬಿಚ್ಚಿಟ್ಟೇ ಇರುತ್ತದೆ. ಮತ್ತೆ, ಅದು ವೇಗವಾಗಿರಬೇಕು. ಸೋರ್ಸ್ ಕಡಿದಾಗ ಎಲ್ಲ ಕೇಳುಗರೂ ಹೊರಗೆ ಬಿದ್ದು, ಮತ್ತೆ ಒಂದೇ ಸಲಕ್ಕೆ ಬರುತ್ತಾರೆ. ಒಬ್ಬೊಬ್ಬರಿಗೂ ಒಂದು ಸೆಕೆಂಡು ತಗೊಂಡರೆ ಕೊನೆಯವರು ಬರುವಷ್ಟರಲ್ಲಿ ಅರ್ಥಧಾರಿಗಳ ಒಂದು ಸುತ್ತು ವಾದ ಮುಗಿದಿರುತ್ತದೆ. ಪ್ರತಿ ಸಲ ಗೂಗಲ್ ಶೀಟ್ ತೆರೆದು ನೋಡುವ ಪ್ರೋಗ್ರಾಮ್‌ಗಳೂ ಇವೆ. ಬೇಡ, ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಸಾಕು. ಸಹಿ ಹಾಕಿದ ಟೋಕನ್, ಅವಧಿ, ಜೆಡಬ್ಲ್ಯೂಟಿ ಎಂದೆಲ್ಲ ಸಲಹೆ ಕೊಡುವವರು ಸಿಗುತ್ತಾರೆ. 150 ಜನಕ್ಕೆ ಯದ್ವಾತದ್ವಾ ಅಕ್ಷರಗಳ ಒಂದು ಪಟ್ಟಿ ಸಾಕು.

ಐಸ್‌ಕಾಸ್ಟ್ 2.4.4ಕ್ಕಿಂತ ಹಳೆಯದಾಗಿದ್ದರೆ ಯುಆರ್‌ಎಲ್ ವಿಧಾನಕ್ಕೆ ಕೈ ಹಾಕುವ ಮೊದಲು ಅಪ್‌ಡೇಟ್ ಮಾಡಲೇಬೇಕು. 2018ರಲ್ಲಿ ಸರಿಪಡಿಸಿದ ದೋಷ ಇದ್ದದ್ದು ಇದೇ ಭಾಗದಲ್ಲಿ. ತಯಾರು ಮಾಡಿದ ಹೆಡರ್‌ಗಳನ್ನು ಕಳಿಸಿ ಹೊರಗಿನವರು ಸರ್ವರಿನ ಮೆಮೊರಿಯನ್ನು ಕೆಡಿಸಬಹುದಿತ್ತು. ಬೀಗವೇ ಬಾಗಿಲಾಗಿತ್ತು, ಅಂಥ ತಪ್ಪು.

ಫಾಲ್‌ಬ್ಯಾಕ್ ಇಟ್ಟಿದ್ದೀರಾ? ಇಂಟರ್ನೆಟ್ ಕಡಿದಾಗ 'ಸ್ವಲ್ಪ ಹೊತ್ತು ಕಾಯಿರಿ' ಎಂದು ಹೇಳುವ ಇನ್ನೊಂದು ಮೌಂಟ್ ಇದ್ದರೆ ಕೇಳುಗರು ಹೊರಗೆ ಬೀಳುವುದಿಲ್ಲ, ಖಂಡಿತ ಇಡಿ. ಆದರೆ ಅದೂ ಒಂದು ವಿಳಾಸ, ಅದಕ್ಕೆ ಬೀಗ ಬೇರೆ ಬೇಕು. ಪರೀಕ್ಷೆ ನಡೆಯುವುದು ಕೇಳುಗರು ಮೊದಲು ಬಂದಾಗ ಮಾತ್ರ. ಸರ್ವರ್ ಅವರನ್ನು ಒಂದು ಮೌಂಟಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಮತ್ತೆ ಕೇಳುವುದಿಲ್ಲ. ಫಾಲ್‌ಬ್ಯಾಕ್ ಮೌಂಟ್ ತೆರೆದಿದ್ದು, 'ಫಾಲ್‌ಬ್ಯಾಕ್-ಓವರ್‌ರೈಡ್' ಹಾಕಿಟ್ಟಿದ್ದರೆ, ಸದಸ್ಯರಲ್ಲದವರು ಅಲ್ಲಿ ಕುಳಿತುಕೊಂಡು ನಿಮ್ಮ ಸೋರ್ಸ್ ವಾಪಸ್ ಬಂದ ಕೂಡಲೇ ಪ್ರಸಾರಕ್ಕೇ ಬಂದುಬಿಡುತ್ತಾರೆ. ಎರಡೂ ಮೌಂಟಿಗೆ ಒಂದೇ ಪ್ರೋಗ್ರಾಮ್ ತೋರಿಸಿ. ಸ್ಟೇಟಸ್ ಪುಟದಲ್ಲಿ ಕಾಣದಂತೆ 'ಹಿಡನ್' ಕೂಡ ಹಾಕಿ, ಆದರೆ ಅದನ್ನೇ ಬೀಗ ಎಂದುಕೊಳ್ಳಬೇಡಿ.

ಸಣ್ಣಪುಟ್ಟದ್ದು ಕೆಲವು. ಮಾದರಿ ಕಾನ್ಫಿಗ್‌ನಲ್ಲಿ ಒಟ್ಟು ಕ್ಲೈಂಟ್ ಮಿತಿ 100. ನಿಮ್ಮ ಸದಸ್ಯರು 150. ಹೆಚ್ಚಿಸದಿದ್ದರೆ ಲಾಗಿನ್ ಸರಿ ಇದ್ದರೂ ಕೆಲವರು ಹೊರಗೇ ಉಳಿಯುತ್ತಾರೆ, ನೀವು ಟೋಕನ್ನನ್ನು ಬೈಯುತ್ತೀರಿ. ಮಾತು ಮತ್ತು ಪದ ಇರುವ ತಾಳಮದ್ದಳೆಗೆ 64 ಕೆಬಿಪಿಎಸ್ ಸಾಕು. ಗಂಟೆಗೆ 29 ಎಂಬಿಯೊಳಗೆ ಮುಗಿಯುತ್ತದೆ, 150 ಜನಕ್ಕೂ ಸರ್ವರಿನಿಂದ 10 ಎಂಬಿಪಿಎಸ್ ದಾಟುವುದಿಲ್ಲ. ಹಳೆಯ ಐಫೋನ್‌ಗಳಿಗೆ ಓಗ್ ಬರುವುದಿಲ್ಲ, ಎಂಪಿ3 ಇಡಿ. ಕೇಳುತ್ತಾ ನಿದ್ದೆ ಹೋದವರ ಫೋನ್ ಬೆಳಗಿನವರೆಗೆ ಡೇಟಾ ತಿನ್ನುತ್ತಿದ್ದರೆ, ನಿಮ್ಮ ಪ್ರೋಗ್ರಾಮ್ 'ಐಸ್‌ಕಾಸ್ಟ್-ಅಥ್-ಟೈಮ್‌ಲಿಮಿಟ್' ಎಂಬ ಹೆಡರಿನಲ್ಲಿ ಸೆಕೆಂಡಿನ ಲೆಕ್ಕ ಕೊಡಬಹುದು. ಆರು ಗಂಟೆಗೆ 21600. ಮುಂದೆ ಎನ್‌ಜಿನ್‌ಎಕ್ಸ್ ಇದ್ದರೆ ಅದರ ಲಾಗ್‌ನಲ್ಲಿ ಟೋಕನ್‌ಗಳೆಲ್ಲ ಬರೆದಿರುತ್ತವೆ, ಆ ಫೈಲನ್ನು ಯಾರಿಗೂ ಕಳಿಸಬೇಡಿ. ಇದೆಲ್ಲ ಕೈಯಿಂದ ಮಾಡಲು ಬೇಜಾರಾದರೆ ಅಜುರಾಕಾಸ್ಟ್ ಎಂಬ ಸಿದ್ಧ ರೇಡಿಯೋ ಸಾಫ್ಟ್‌ವೇರ್ ನೋಡಿ. ಅದರಲ್ಲಿ ಪ್ರಸಾರ ಮಾಡುವ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡುವ ವ್ಯವಸ್ಥೆ ಸಿದ್ಧವಾಗಿಯೇ ಇದೆ.

ಶನಿವಾರಕ್ಕೆ ಮೊದಲು ಒಂದು ಸಂಜೆ ಪರೀಕ್ಷೆ ಮಾಡಿ. ನಿಮ್ಮ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಟೋಕನ್ ಇಲ್ಲದ ಲಿಂಕು ತೆರೆಯಿರಿ. ವಿಎಲ್‌ಸಿ ಪಾಸ್‌ವರ್ಡ್ ಕೇಳಿದರೆ ಬೀಗ ಬಿದ್ದಿದೆ. ರದ್ದಾದ ಟೋಕನ್ ಒಂದನ್ನು ಹಾಕಿ ನೋಡಿ. ಲ್ಯಾಪ್‌ಟಾಪಿನ ಇಂಟರ್ನೆಟ್ ಎಳೆದು ಹಾಕಿ, ಫಾಲ್‌ಬ್ಯಾಕ್ ಬಂತಾ, ವಾಪಸ್ ಬಂತಾ ಎಂದು ಕೇಳಿ. ಕೊನೆಗೆ ನಿಮ್ಮ ಪ್ರೋಗ್ರಾಮನ್ನೇ ನಿಲ್ಲಿಸಿ. ಆಗ ಒಳಗಿದ್ದವರಿಗೆ ಏನೂ ಆಗುವುದಿಲ್ಲ, ಹೊಸಬರು ಯಾರೂ ಒಳಗೆ ಬರಲಾರರು. ಪ್ರಸಾರದ ರಾತ್ರಿ ಹಾಗಾದರೆ ಬೀಗ ತೆಗೆದು ಎಲ್ಲರಿಗೂ ಬಿಡುವುದಾ, ಸರಿಪಡಿಸುವವರೆಗೆ ಮುಚ್ಚಿಡುವುದಾ ಎಂದು ಕಮಿಟಿಯವರು ಮೊದಲೇ ಮಾತಾಡಿಕೊಳ್ಳಿ. ಬಿಡುವುದಾದರೆ ಅಥೆಂಟಿಕೇಶನ್ ಇಲ್ಲದ ಇನ್ನೊಂದು ಕಾನ್ಫಿಗ್ ಫೈಲ್ ಸಿದ್ಧವಾಗಿರಲಿ. ಅದನ್ನು ಹಳೆಯದರ ಜಾಗಕ್ಕೆ ಹಾಕಿ ಐಸ್‌ಕಾಸ್ಟ್‌ಗೆ ಹಪ್ ಸಿಗ್ನಲ್ (ಕಾನ್ಫಿಗ್ ಮತ್ತೆ ಓದು ಎನ್ನುವ ಲಿನಕ್ಸ್ ಸೂಚನೆ) ಕೊಟ್ಟರೆ, ಕೇಳುತ್ತಿರುವವರನ್ನು ಹೊರಗೆ ಹಾಕದೆಯೇ ಬದಲಾಗುತ್ತದೆ.